ಮೂಗುಬಂಡೆಯ ಈಚೆ

ನನ್ನ ಚಿಕ್ಕಮ್ಮ ನಿಂತುಕೊಂಡೇ ಹೊಲಿಯುತ್ತಾಳೆ. ಕೈಯಲ್ಲಿ ತಿರುಗಿಸುವ ಹಳೆಯ ಮೆಷಿನ್ನು ಸೊಂಟಕ್ಕಿಂತ ಎತ್ತರದ ಮೇಜಿನ ಮೇಲಿದೆ. ಅಂಗಡಿಯಲ್ಲಿರುವ ಒಂದೇ ಕುರ್ಚಿ ಗಿರಾಕಿಗಳಿಗೆ. ಚಹಾ ಕುಡಿಯುವಾಗಲೂ ಅವಳು ಬಾಗಿಲಿಗೂ ಮೇಜಿಗೂ ನಡುವೆ ಓಡಾಡುತ್ತಿರುತ್ತಾಳೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅಮ್ಮ ಹೇಳುತ್ತಾಳೆ. ಬೀದಿಯವರು ಅವಳಿಗೆ 'ನಾನ್‌ಸ್ಟಾಪ್' ಎಂದು ಹೆಸರಿಟ್ಟಿದ್ದಾರೆ.

ಚೀಲ ರಿಪೇರಿ ಅವಳ ಕಸುಬು. ಬೆನ್ನಿಗೆ ಚೀಲ ಏರಿಸಿ ಕಡಲಂಚಿನಲ್ಲಿ ದಿನಗಟ್ಟಲೆ ನಡೆಯುವವರು ನಮ್ಮ ಊರಿನಲ್ಲೇ ಬಸ್ಸಿಳಿಯುತ್ತಾರೆ, ಇಲ್ಲಿಂದಲೇ ಬಸ್ಸು ಹತ್ತುತ್ತಾರೆ. ಕಿತ್ತ ಪಟ್ಟಿ, ಹಲ್ಲುದುರಿದ ಜಿಪ್ಪು, ಹರಿದ ತಳ ಎಲ್ಲವೂ ಅವಳ ಮೇಜಿಗೆ ಬರುತ್ತವೆ. ಜೇಬು ಕೊಡವಿದರೆ ಮರಳಿನ ಜೊತೆ ಚಿಪ್ಪಿನ ಚೂರೋ ಒಂದು ಪುಕ್ಕವೋ ಬೀಳುತ್ತದೆ. ಹೊಲಿಗೆ ಮುಗಿಯುವವರೆಗೆ ಗಿರಾಕಿಗಳು ಕುರ್ಚಿಯಲ್ಲಿ ಕೂತು ಮೂಗುಬಂಡೆಯ ಆಚೆ ಕಂಡದ್ದನ್ನು ಹೇಳುತ್ತಾರೆ. ಊರಿನಿಂದ ಒಂದು ದಿನದ ನಡಿಗೆಯಲ್ಲಿ ಸಮುದ್ರಕ್ಕೆ ಚಾಚಿಕೊಂಡಿರುವ ದೊಡ್ಡ ಬಂಡೆ ಅದು. ಆಚೆಯ ಗುಡ್ಡದ ಮೈಯೆಲ್ಲ ಹಕ್ಕಿಗಳೇ ಎಂದವರಿದ್ದಾರೆ. ಕೂಗಳತೆಯಲ್ಲಿ ಡಾಲ್ಫಿನ್‌ಗಳು ಮಗುಚುತ್ತವೆ ಎಂದವರಿದ್ದಾರೆ. ಒಬ್ಬಾಕೆ ಮಾತ್ರ "ಅದನ್ನ ಹೇಳೋಕೆ ಬರಲ್ಲ" ಎಂದು ಸುಮ್ಮನಾದಳು. ಆ ದಿನ ಚಿಕ್ಕಮ್ಮ ಪಟ್ಟಿಯನ್ನು ತಲೆಕೆಳಗಾಗಿ ಹೊಲಿದಳು.

ಅವಳು ಆಚೆ ಹೋಗಲು ಹಿಂದೆಯೂ ಹೊರಟದ್ದುಂಟು. ಬಂಡೆಯ ಬುಡದಲ್ಲಿ ಒಬ್ಬರು ನಡೆಯುವಷ್ಟೇ ಅಗಲದ ಮರಳಿದೆ, ಅದು ನೀರು ಇಳಿದಾಗ ಮಾತ್ರ ತೆರೆದುಕೊಳ್ಳುತ್ತದೆ. ಅವಳು ಹೋದಾಗಲೆಲ್ಲ ಅಲ್ಲಿ ಅಲೆಯಿತ್ತು.

ಈ ನಡುವೆ ಅಮ್ಮ ಅವಳಿಗೆ ಚೀಲದ ಕಾರ್ಖಾನೆಯಲ್ಲಿ ಕೆಲಸ ಗೊತ್ತುಮಾಡಿ ಬಂದಳು.

"ಅಲ್ಲಿ ದಿನವಿಡೀ ಕೂತೇ ಹೊಲೀಬೇಕಂತಲ್ಲ ಅಕ್ಕಾ."

"ಮತ್ತೆ? ದೇವರು ಕೂತ್ಕೊಳ್ಳೋಕೆ ಅಂತಾನೇ ಎಲ್ಲರಿಗೂ ಕುಂಡಿ ಕೊಟ್ಟಿದಾನೆ."

"ನನಗೆ ಕೊಡೋದು ಮರೆತ."

ಅಮ್ಮ ನಗಲಿಲ್ಲ. "ನಾಳೆ ನೀನು ಹಾಸಿಗೆ ಹಿಡಿದ್ರೆ ನೋಡೋರ್ಯಾರು? ನಾನೇನು ಗೂಟ ಹೊಡ್ಕೊಂಡು ಇರ್ತೀನಾ?"

ಚಿಕ್ಕಮ್ಮ ಬಟ್ಟೆಯಿಲ್ಲದ ಮೆಷಿನ್ನನ್ನು ಸುಮ್ಮನೆ ತಿರುಗಿಸಿದಳು. "ಮೂಗು ದಾಟಿ ಆಚೆ ಒಂದ್ಸಲ ನೋಡ್ಕೊಂಡು ಬಂದ್ಬಿಡ್ತೀನಿ. ಆಮೇಲೆ ಎಲ್ಲಿ ಕೂರ್ಸಿದ್ರೂ ಕೂರ್ತೀನಿ."

"ಮಾತು ಕೊಟ್ಟ ಹಾಗೆ?"

"ಕೊಟ್ಟ ಹಾಗೆ."

ಅಮ್ಮ ಸಾಕ್ಷಿಗೆಂದು ನನ್ನನ್ನು ಜೊತೆಗೆ ಕಳಿಸಿದಳು.

ಅವಳ ಹಿಂದೆ ನಡೆಯುವುದೆಂದರೆ ಓಡುವುದು. ಏಡಿಗಳು ನಮ್ಮ ನೆರಳು ಕಂಡು ಬಿಲ ಸೇರುತ್ತಿದ್ದವು. ಹದ್ದೊಂದು ಉಗುರಲ್ಲಿದ್ದ ಮೀನನ್ನು ನಮ್ಮೆದುರೇ ಬೀಳಿಸಿ, ತಿರುಗಿ ಬಂದು ಎತ್ತಿಕೊಂಡು ಹೋಯಿತು. ನಾನು ನಿಂತು ನೋಡಿದೆ. ಅವಳು ನಿಲ್ಲಲಿಲ್ಲ. ರಾತ್ರಿ ಗುಡಾರದಲ್ಲೂ ಅವಳ ಪಾದಗಳು ಹೊದಿಕೆಯೊಳಗೆ ಅಲುಗುತ್ತಲೇ ಇದ್ದವು.

ಬೆಳಿಗ್ಗೆ ಬಂಡೆಯ ಬುಡಕ್ಕೆ ಬಂದಾಗ ಮರಳು ತೆರೆದಿತ್ತು. ಒದ್ದೆಯಾಗಿ, ಹೊಳೆಯುತ್ತಾ, ತಿರುವಿನವರೆಗೂ. ಚಿಕ್ಕಮ್ಮ ಚೀಲದ ಪಟ್ಟಿ ಬಿಗಿದುಕೊಂಡಳು.

ಆಗ ಎಣ್ಣೆ ಕಾಣದ ಮೆಷಿನ್ನಿನಂಥ ಒಂದು ಸದ್ದು ಕೇಳಿಸಿತು. ದಾರಿಯ ನಟ್ಟನಡುವೆ ನೀರುನಾಯಿಯ ಮರಿ ಬಿದ್ದುಕೊಂಡು ಕೂಗುತ್ತಿತ್ತು. ತಾಯಿ ಇನ್ನೊಂದು ಮರಿಯ ಕತ್ತನ್ನು ಕಚ್ಚಿಕೊಂಡು ತಿರುವಿನತ್ತ ಹೋಗುತ್ತಿತ್ತು. ಬಿಲಕ್ಕೆ ನೀರು ನುಗ್ಗಿರಬೇಕು. ಅದು ತಿರುಗಿ ಬಂದಾಗ ನಮ್ಮನ್ನು ಕಂಡು ನೀರಿಗಿಳಿಯಿತು. ತಲೆಯಷ್ಟೇ ಎತ್ತಿ ನೋಡತೊಡಗಿತು. ನಾನು ಮರಿಯನ್ನು ಪಕ್ಕಕ್ಕಿಡೋಣ ಎಂದು ಬಾಗಿದೆ. ಚಿಕ್ಕಮ್ಮ ನನ್ನ ಚೀಲ ಹಿಡಿದು ಹಿಂದಕ್ಕೆಳೆದಳು.

"ಮುಟ್ಬೇಡ. ನಾವಿರೋ ತನಕ ಅವಳು ಬರಲ್ಲ."

"ಹಾರಿ ದಾಟಿಬಿಡೋಣ."

"ಆ ಕಡೆ ಇನ್ನೊಂದು ಮರಿ ಇದೆಯಲ್ಲ. ಅಲ್ಲೂ ನಾವೇ ಹೋಗಿ ನಿಂತ್ರೆ ಅವಳು ಎಲ್ಲಿಗೆ ಹೋಗ್ಬೇಕು?"

ನಾವು ಹಿಂದೆ ಸರಿದು ಒಂದು ಬಂಡೆಯ ಮರೆಗೆ ಬಂದೆವು. ಚಿಕ್ಕಮ್ಮ ಚೀಲ ಇಳಿಸಿ ಕೂತಳು. ಮೊಣಕಾಲು ಅಪ್ಪಿಕೊಂಡು, ಬೆರಳೂ ಅಲುಗದಂತೆ ಕೂತಳು. ನನ್ನ ಕಾಲು ಜೋಮು ಹಿಡಿಯಿತು, ನೊಣ ಮುತ್ತಿತು. ನಾನು ಮಿಸುಕಿದರೆ ಕಣ್ಣಲ್ಲೇ ಗದರಿದಳು. ತಾಯಿ ದಡಕ್ಕೆ ಬರುವುದು, ಗಾಳಿ ಮೂಸಿ ಮತ್ತೆ ನೀರಿಗಿಳಿಯುವುದು, ಹೀಗೇ ನಡೆಯಿತು. ಪ್ರತಿ ಅಲೆಯೂ ಮರಿಯ ಹತ್ತಿರ ಹತ್ತಿರ ಬಂದು ನೊರೆ ಬಿಟ್ಟು ಹೋಗುತ್ತಿತ್ತು. ಮರಳು ತೆಳ್ಳಗಾಗುತ್ತಿತ್ತು. ನಾನು ಚಿಕ್ಕಮ್ಮನ ಮುಖ ನೋಡಿದೆ. ಅವಳು ಮರಿಯನ್ನಷ್ಟೇ ನೋಡುತ್ತಿದ್ದಳು.

ಕೊನೆಗೆ ತಾಯಿ ಒಂದೇ ಓಟದಲ್ಲಿ ಬಂದು ಮರಿಯನ್ನು ಕಚ್ಚಿಕೊಂಡು ತಿರುವಿನಲ್ಲಿ ಮರೆಯಾಯಿತು. ಅಷ್ಟರಲ್ಲಿ ದಾರಿಯಲ್ಲಿ ಪಾದ ಮುಳುಗುವಷ್ಟು ನೀರಿತ್ತು.

"ಈಗ್ಲೂ ಓಡಿದ್ರೆ ದಾಟಬಹುದು ಚಿಕ್ಕಮ್ಮ."

ಅವಳು ತಿರುವನ್ನು ನೋಡಿದಳು. ತುಸು ಹೆಚ್ಚು ಹೊತ್ತೇ ನೋಡಿದಳು. "ಚೀಲ ಎತ್ಕೋ" ಎಂದು ಮನೆಯ ದಿಕ್ಕಿಗೆ ಹೊರಟಳು. ದಾರಿಯುದ್ದಕ್ಕೂ ನನಗೆ ಅವಳ ಬೆನ್ನು ಮಾತ್ರ ಕಂಡಿತು.

ಅಮ್ಮ ಬಾಗಿಲಲ್ಲೇ ಕೇಳಿದಳು. ಕೇಳಿದ್ದು ನನ್ನನ್ನು.

"ದಾಟಿದ್ಲಾ?"

"ಇಲ್ಲ."

"ಮತ್ತೆ ಅಷ್ಟು ಹೊತ್ತು ಅಲ್ಲೇನು ಮಾಡಿದ್ರಿ?"

"ಕೂತಿದ್ವಿ."

"ಇವಳು?"

"ಅವಳೂನೂ. ನೀರು ಬರೋವರೆಗೂ."

ನಾನು ನೀರುನಾಯಿಯ ಕಥೆಯನ್ನೆಲ್ಲ ಹೇಳಿದೆ. ಅಮ್ಮ ತಂಗಿಯತ್ತ ನೋಡಿದಳು. ಚಿಕ್ಕಮ್ಮ ಹೊಸ್ತಿಲಲ್ಲಿ ಒಂಟಿ ಕಾಲಲ್ಲಿ ನಿಂತು ಬೂಟಿನ ಮರಳು ಕೊಡವುತ್ತಿದ್ದಳು. ಸೋಮವಾರಕ್ಕೆಂದು ಇಸ್ತ್ರಿ ಮಾಡಿದ ಕಾರ್ಖಾನೆಯ ನೀಲಿ ಕೋಟು ಮೊಳೆಗೆ ತೂಗುತ್ತಿತ್ತು. ಅಮ್ಮ ಅದನ್ನು ತೆಗೆದು, ಮಡಿಚಿ, ಬೀರುವಿನ ಕೆಳಗಿನ ಅರೆಯಲ್ಲಿಟ್ಟಳು.

"ಯಾರಿಗಾದ್ರೂ ಕೊಟ್ಬಿಡು ಅಕ್ಕಾ ಅದನ್ನ."

"ಯಾಕೆ ಕೊಡ್ಲಿ? ದಾಟಿದ ಮೇಲೆ ಬೇಕಾಗುತ್ತೆ." ಅಮ್ಮ ಬೀರು ಮುಚ್ಚಿದಳು. "ಮುಂದಿನ ಸಲ ಇನ್ನೂ ಬೇಗ ಎದ್ದು ಹೊರಡ್ರಿ."

ಚಿಕ್ಕಮ್ಮ ಚಹಾದ ಲೋಟ ಹಿಡಿದು ಆಗಲೇ ಅಂಗಳದಲ್ಲಿ ಓಡಾಡುತ್ತಿದ್ದಳು.