ಬಣ್ಣ ಹೊಂದಿಸುತ್ತಿದ್ದ ಸಂಪಾದಕರು

ಅವರ ಬಲಗೈಯ ಉಗುರುಗಳ ಅಂಚಿನಲ್ಲಿ ಯಾವಾಗಲೂ ಒಂದು ಬಣ್ಣ ಉಳಿದಿರುತ್ತಿತ್ತು. ಒಂದು ವಾರ ಎಲೆಹಸಿರು, ಇನ್ನೊಂದು ವಾರ ಇಟ್ಟಿಗೆಯ ಕೆಂಪು, ಮಳೆಗಾಲದ ಮೊದಲು ಹೆಚ್ಚಾಗಿ ಹಳದಿ. ಎಷ್ಟು ತಿಕ್ಕಿ ತೊಳೆದರೂ ಚರ್ಮವೂ ಉಗುರೂ ಕೂಡುವ ಆ ಸಣ್ಣ ಗೆರೆಯಲ್ಲಿ ಅದು ಕೂತೇ ಇರುತ್ತಿತ್ತು. ಮುಂಬಯಿ ಹೊರವಲಯದ ರಬಾಳೆಯ ಒಂದು ಪೇಂಟ್ ಫ್ಯಾಕ್ಟರಿಯಲ್ಲಿ ಶೇಡ್ ಹೊಂದಿಸುವುದು ಅವರ ಕೆಲಸ. ಗಿರಾಕಿ ಕಳಿಸಿದ ತಗಡಿನ ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದು, ಡಬ್ಬಿಯ ಬಣ್ಣ ಅದಕ್ಕೆ ಸರಿಸಮ ಆಗುವವರೆಗೆ ಹನಿಹನಿಯಾಗಿ ಬೆರೆಸುತ್ತ ಕೂರಬೇಕು. ಉಡುಪಿ ಕಡೆಯಿಂದ ಹದಿಹರೆಯದಲ್ಲೇ ಬಂದು ಆ ಕೆಲಸಕ್ಕೆ ಸೇರಿದವರು, ನಿವೃತ್ತಿಯಾಗುವವರೆಗೂ ಅದನ್ನೇ ಮಾಡಿದರು.

ಭಾನುವಾರ ಮಾತ್ರ ಅವರು ಸಂಪಾದಕರು. ಡೊಂಬಿವಲಿಯ ನಮ್ಮ ಕನ್ನಡ ಸಂಘಕ್ಕೆ ಮಾರ್ಕೆಟ್ ಹಿಂದಿನ ಒಂದು ಚಾಳಿನಲ್ಲಿ ಸಣ್ಣ ಕೋಣೆ ಇತ್ತು. ಅಲ್ಲಿಂದ ತಿಂಗಳಿಗೊಮ್ಮೆ ಒಂದು ತೆಳು ಪತ್ರಿಕೆ ಹೊರಡುತ್ತಿತ್ತು. ಅದರ ಸಂಪಾದಕ, ಪ್ರೂಫ್ ತಿದ್ದುವವ, ಪೋಸ್ಟಿಗೆ ಹಾಕುವವ ಎಲ್ಲ ಅವರೇ. ಠಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದ ನನ್ನ ಅಪ್ಪ ಅವರನ್ನು ಅರ್ಧ ತಮಾಷೆ, ಅರ್ಧ ಗೌರವದಿಂದ ‘ಸಂಪಾದಕರೇ’ ಎಂದೇ ಕರೆಯುತ್ತಿದ್ದರು. ನನಗೆ ಅವರು ಸರ್.

ಎರಡು ಸಾವಿರದ ದಶಕದ ನಡುವಿನ ಮಾತು. ಪ್ರಾಣಿಶಾಸ್ತ್ರದಲ್ಲಿ ಪದವಿ ಮುಗಿಸಿ ನಾನು ಐರೋಲಿಯ ಒಂದು ಆಫೀಸಿನಲ್ಲಿ ವಿಮೆಯ ಅರ್ಜಿಗಳನ್ನು ಕಂಪ್ಯೂಟರಿಗೆ ತುಂಬುತ್ತಿದ್ದೆ. ಓದಿದ್ದು ಮರಾಠಿ ಶಾಲೆಯಲ್ಲಿ, ಮನೆಯಲ್ಲಿ ತುಳು. ಕನ್ನಡ ಅಕ್ಷರ ಅಮ್ಮ ಕಲಿಸಿದ್ದು. ಪತ್ರಿಕೆಗೆ ಟೈಪ್ ಮಾಡುವವರು ಬೇಕಾಗಿದೆ ಎಂದು ಅಪ್ಪ ನನ್ನನ್ನು ಆ ಕೋಣೆಗೆ ಕರೆದುಕೊಂಡು ಹೋದರು. ನನ್ನ ಒತ್ತಕ್ಷರದ ತಪ್ಪುಗಳನ್ನು ನೋಡಿ ಅವರು ನಗಲಿಲ್ಲ. ಬೆರಳು ಬೇಗ ಓಡುತ್ತದೆ, ಕಣ್ಣು ನಿಧಾನಕ್ಕೆ ಕಲಿಯುತ್ತದೆ ಎಂದಷ್ಟೇ ಅಪ್ಪನಿಗೆ ಹೇಳಿದರು.

ಅರ್ಧ ಗ್ಲಾಸಿನ ಕಟಿಂಗ್ ಚಹಾ ತರಿಸಿ, ಎರಡು ಗುಟುಕು ಕುಡಿದು, ಉಳಿದದ್ದನ್ನು ಪ್ರೂಫಿನ ರಾಶಿಯ ಹಿಂದೆ ಮರೆತುಬಿಡುವುದು ಅವರ ಅಭ್ಯಾಸ. ಪ್ರೂಫನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತಿದ್ದರು. ಕೆಳಗಿನಿಂದ ಓದಿದರೆ ಕತೆ ನಮ್ಮನ್ನು ಎಳೆದುಕೊಂಡು ಹೋಗುವುದಿಲ್ಲ, ತಪ್ಪು ಸಿಕ್ಕಿಬೀಳುತ್ತದೆ ಎನ್ನುತ್ತಿದ್ದರು. ‘ಸುಂದರ’ ಎಂಬ ಪದ ಯಾರ ಬರಹದಲ್ಲಿ ಬಂದರೂ ಪೆನ್ಸಿಲಿನಿಂದ ಸುತ್ತು ಹಾಕುವರು. “ಸುಂದರ ಅಂತ ಬರೆದರೆ ನೀನು ಸರಿ ನೋಡಲಿಲ್ಲ ಅಂತ ಅರ್ಥ,” ಎಂದು ನನಗೆ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ.

ಒಂದು ಸಂಚಿಕೆಯಲ್ಲಿ ಜಾಹೀರಾತು ಕೈಕೊಟ್ಟು ಅರ್ಧ ಪುಟ ಖಾಲಿ ಉಳಿಯಿತು. ನೀನೇ ಏನಾದರೂ ಬರಿ ಎಂದರು. ನನಗೆ ಬರೆಯಲು ಬರುವುದಿಲ್ಲ ಎಂದೆ. ದಿನಾ ಆಫೀಸಿಗೆ ಹೋಗುವಾಗ ಎಂತ ನೋಡುತ್ತಿ ಎಂದು ಕೇಳಿದರು. ರಬಾಳೆಯಲ್ಲಿ ಗೆಳತಿಗಾಗಿ ಕಾಯುವಾಗ ಕಾರ್ಖಾನೆಗಳ ನಡುವಿನ ನಾಲೆಯ ಪಕ್ಕ ಕೊಳದ ಬಕವೊಂದು ನಿಂತಿರುತ್ತದೆ, ಇಡೀ ವರ್ಷ ಮಣ್ಣಿನ ಬಣ್ಣದಲ್ಲಿದ್ದದ್ದು ಈಗ ಮಳೆ ಹತ್ತಿರ ಬಂದ ಹಾಗೆ ಬೆನ್ನೆಲ್ಲ ಕೆಂಪಾಗಿದೆ ಎಂದೆ. ಅದನ್ನೇ ಬರಿ ಎಂದರು. ಬರೆದೆ. ಓದಿ, ‘ಕೆಂಪು’ ಎಂಬ ಪದಕ್ಕೆ ಸುತ್ತು ಹಾಕಿದರು.

“ಯಾವ ಕೆಂಪು?”

ಮುಂದಿನ ಶನಿವಾರ ಬೆಳಿಗ್ಗೆ ಅವರು ಡ್ಯೂಟಿಗೆ ಹೋಗುವ ಮೊದಲು ನನ್ನನ್ನು ಆ ನಾಲೆಯ ಹತ್ತಿರ ಬರಹೇಳಿದರು. ಚೀಲದಿಂದ ಶೇಡ್ ಕಾರ್ಡಿನ ಕಟ್ಟು ತೆಗೆದು, ಒಂದೊಂದೇ ಪಟ್ಟಿಯನ್ನು ಕೈ ನೀಡಿ ಹಿಡಿದು, ಒಂದು ಕಣ್ಣು ಮುಚ್ಚಿ ಹಕ್ಕಿಯ ಬೆನ್ನಿಗೆ ಹೋಲಿಸಿದರು. ದಾರಿಯಲ್ಲಿ ಹೋಗುವ ಟೆಂಪೋದವರು ನಮ್ಮನ್ನು ವಿಚಿತ್ರವಾಗಿ ನೋಡಿದರು. ಬಕ ಅಲುಗಲಿಲ್ಲ. ಇದಲ್ಲ, ಇದೂ ಅಲ್ಲ ಎನ್ನುತ್ತ ಇಡೀ ಕಟ್ಟು ಮುಗಿಸಿದರು.

“ನೋಡು, ನಮ್ಮ ಫ್ಯಾಕ್ಟರಿಯಲ್ಲಿ ಈ ಬಣ್ಣ ಇಲ್ಲ,” ಎಂದರು. “ನಿನ್ನ ಮನೆಯಲ್ಲಿ ಉಂಟಾ ನೋಡು.”

ಮನೆಗೆ ಬಂದು ಎರಡು ದಿನ ಅಡುಗೆಮನೆಯನ್ನೆಲ್ಲ ಜಾಲಾಡಿದೆ. ಕೊನೆಗೆ ಅಮ್ಮ ಸಾರಿಗೆಂದು ಪುನರ್ಪುಳಿಯ, ಇಲ್ಲಿಯವರ ಕೋಕಂನ, ಒಣ ಸಿಪ್ಪೆಯನ್ನು ನೀರಿಗೆ ಹಾಕಿದಾಗ ಅದು ಸಿಕ್ಕಿತು. ಒಣಗಿದ್ದಾಗಿನ ಕಪ್ಪು ಅಲ್ಲ, ನೀರಿಗಿಳಿದ ಗುಲಾಬಿಯೂ ಅಲ್ಲ. ಸಿಪ್ಪೆ ನೆನೆದು ಮೆತ್ತಗಾದ ಮೇಲಿನ ಬಣ್ಣ. ಅದನ್ನು ಬರೆದೆ. ಸರ್ ಓದಿ ಪೆನ್ಸಿಲ್ ಕೆಳಗಿಟ್ಟರು. ಆ ಅರ್ಧ ಪುಟ ನನ್ನ ಮೊದಲ ಬರಹ.

ಆಮೇಲೆ ಪ್ರತಿ ತಿಂಗಳೂ ಬರೆದೆ. ಅದೇ ಬರಹಗಳನ್ನು ಮರಾಠಿಗೆ ಮಾಡಿ ಠಾಣೆಯ ಸ್ಥಳೀಯ ಪತ್ರಿಕೆಗಳಿಗೆ ಕಳಿಸಿದೆ. ಕೆಲವು ಅಚ್ಚಾದವು. ಅವನ್ನು ಓದಿ, ವನ್ಯಜೀವಿಗಳ ಬಗ್ಗೆ ಜನರಲ್ಲಿ ತಿಳಿವಳಿಕೆ ಮೂಡಿಸುವ ಒಂದು ಪುಟ್ಟ ಸಂಸ್ಥೆಯವರು ಕರಪತ್ರ, ಫಲಕ, ಲೇಖನ ಬರೆಯುವ ಕೆಲಸಕ್ಕೆ ನನ್ನನ್ನು ಕರೆದರು. ಅಪ್ಪ ಒಪ್ಪಲಿಲ್ಲ. ಹಕ್ಕಿಯ ಬಗ್ಗೆ ಬರೆಯುವುದೂ ಒಂದು ನೌಕರಿಯಾ, ನಾಳೆ ಸಂಬಂಧ ನೋಡುವವರಿಗೆ ಏನು ಹೇಳುವುದು ಎಂದು ಕೇಳಿದರು. ಭಾನುವಾರ ನಾನು ಇದನ್ನು ಸಂಘದ ಕೋಣೆಯಲ್ಲಿ ಸರ್‌ಗೆ ಹೇಳಿದೆ.

ಸರ್ ನಮ್ಮ ಮನೆಗೆ ಬಂದರು. ಸೋಫಾದ ತುದಿಯಲ್ಲಿ ಕೂತು ಅಪ್ಪನ ಹತ್ತಿರ ಬಹಳ ಹೊತ್ತು ತುಳುವಿನಲ್ಲಿ ಮಾತಾಡಿದರು. ಮಗಳ ಭವಿಷ್ಯಕ್ಕೆ ತಾನು ಜಾಮೀನು ನಿಲ್ಲುವುದಿಲ್ಲ ಎಂದು ಮೊದಲೇ ಹೇಳಿದರು. ಈ ಕೆಲಸದಲ್ಲಿ ಅವಳು ಸೋಲಲೂಬಹುದು. ಆದರೆ ನೋಡಿದ್ದನ್ನು ನೋಡಿದ ಹಾಗೆ ಹೇಳುವವರು ಕಡಿಮೆ, ಅವಳು ಅದನ್ನು ಕಲಿಯುತ್ತಿದ್ದಾಳೆ, ಒಂದು ವರ್ಷ ಏನೂ ಕೇಳದೆ ಬಿಟ್ಟುಬಿಡಿ ಎಂದರು. ಅಪ್ಪ ಒಂದು ವರ್ಷ ಏನೂ ಕೇಳಲಿಲ್ಲ. ಆಮೇಲೂ ಕೇಳಲಿಲ್ಲ.

ಅವರು ಹೇಳಿದ ಆ ಒಂದು ಗುಣವನ್ನೇ ನಾನು ಕೆಲವು ವರ್ಷಗಳ ನಂತರ ಕಳೆದುಕೊಂಡೆ.

ಠಾಣೆಯ ವರ್ತಕ ನಗರದಾಚೆ, ಯೇವೂರು ಗುಡ್ಡದ ಮಗ್ಗುಲಿನ ಒಂದು ವಸತಿ ಸಂಕೀರ್ಣದ ಕ್ಯಾಮರಾದಲ್ಲಿ ಚಿರತೆಯೊಂದು ಕಂಪೌಂಡ್ ಗೋಡೆಯ ಮೇಲೆ ನಡೆದು ಹೋದದ್ದು ದಾಖಲಾಯಿತು. ಅದರ ಬಗ್ಗೆ ಬರೆಯಲು ಒಂದು ಮರಾಠಿ ಪತ್ರಿಕೆಯವರು ಕೇಳಿದರು. ದೊಡ್ಡ ಅವಕಾಶ, ಸಂಜೆಯೊಳಗೆ ಕೊಡಬೇಕು. ಆ ಸಂಕೀರ್ಣದಲ್ಲಿದ್ದ ಪರಿಚಯದವರೊಬ್ಬರಿಗೆ ಫೋನ್ ಮಾಡಿದೆ. ಚಿರತೆ ಮಕ್ಕಳ ಆಟದ ಜಾಗದ ಹತ್ತಿರ ಬಂದಿತ್ತು ಎಂದು ವಾಚ್‌ಮನ್ ಹೇಳಿದನಂತೆ ಎಂದರು. ನಾನು ‘ಅಂತೆ’ಯನ್ನು ಬಿಟ್ಟೆ. ‘ಮಕ್ಕಳ ಆಟದ ಜಾಗದ ಸುತ್ತ ಚಿರತೆ ಹೊಂಚು ಹಾಕುತ್ತಿದೆ’ ಎಂದು ಬರೆದೆ. ಉಳಿದ ಲೇಖನವೆಲ್ಲ ಚಿರತೆಯ ಪರವಾಗಿಯೇ ಇತ್ತು. ಆದರೆ ಪತ್ರಿಕೆ ದಪ್ಪ ಅಕ್ಷರದಲ್ಲಿ ಹಾಕಿದ್ದು ಆ ಒಂದು ಸಾಲನ್ನು.

ಮೂರನೇ ದಿನ ಅಲ್ಲಿನ ನಿವಾಸಿಗಳು ಬೋನು ಇಡಬೇಕೆಂದು ಅರಣ್ಯ ಇಲಾಖೆಗೆ ಅರ್ಜಿ ಸಿದ್ಧಪಡಿಸಿ ಸಹಿ ಹಾಕಿಸತೊಡಗಿದರು. ಅರ್ಜಿಗೆ ಲಗತ್ತಿಸಿದ್ದು ನನ್ನ ಲೇಖನ. ಚಿರತೆಯ ಪರವಾಗಿ ದುಡಿಯುವ ಸಂಸ್ಥೆಯವಳೇ ಬರೆದಿದ್ದಾಳೆ ಎಂದಮೇಲೆ ಇನ್ನೇನು ಸಾಕ್ಷಿ ಬೇಕು.

ಭಾನುವಾರ ಬೆಳಿಗ್ಗೆ ಪತ್ರಿಕೆಯನ್ನು ಹಿಡಿದುಕೊಂಡು ಸರ್ ಬಳಿಗೆ ಹೋದೆ. ಅವರು ಅದನ್ನು ಮೊದಲೇ ಓದಿದ್ದರು.

“ಇದು ನೀನು ನೋಡಿದ್ದಾ?”

“ಅಲ್ಲ ಸರ್.”

“ವಾಚ್‌ಮನ್ ನಿನ್ನ ಹತ್ತಿರ ಹೇಳಿದ್ದಾ?”

“ಅಲ್ಲ.”

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಚಪ್ಪಲಿ ಹಾಕಿಕೊಂಡು ನಡಿ ಎಂದರು. ಡೊಂಬಿವಲಿಯಿಂದ ಠಾಣೆಗೆ ಲೋಕಲ್ ರೈಲು, ಅಲ್ಲಿಂದ ರಿಕ್ಷಾ. ಗೇಟಿನ ಹತ್ತಿರ ವಾಚ್‌ಮನ್‌ನ ಸ್ಟೂಲಿನ ಪಕ್ಕ ಮೆಟ್ಟಿಲ ಮೇಲೆ ಕೂತು, ತಮ್ಮ ಹರಕು ಹಿಂದಿಯಲ್ಲಿ ಮೊದಲು ಅವನ ಊರು ಯಾವುದು, ಮಕ್ಕಳು ಎಷ್ಟು ಎಂದು ಕೇಳಿದರು. ಆಮೇಲೆ ಆ ದಿನದ ಮಾತು ತೆಗೆದರು. ವಾಚ್‌ಮನ್ ಹೇಳಿದ್ದಿಷ್ಟು: ನಾಯಿಯೊಂದು ಆಟದ ಜಾಗದ ಕಡೆ ಓಡಿತು. ಚಿರತೆ ಗೋಡೆಯ ಮೇಲೆ, ಕಸದ ತೊಟ್ಟಿಯ ಬದಿಯಿಂದ, ಗುಡ್ಡದ ಕಡೆಗೆ ಹೋಯಿತು. ಒಳಗೆ ಇಳಿಯಲೇ ಇಲ್ಲ.

ತಿದ್ದುಪಡಿ ಬರೆಯುತ್ತೇನೆ, ಪತ್ರಿಕೆಯವರು ಒಳಪುಟದಲ್ಲಿ ಎಲ್ಲಾದರೂ ಹಾಕುತ್ತಾರೆ ಎಂದೆ.

“ಇಲ್ಲಿಯವರು ಪತ್ರಿಕೆಯ ಒಳಪುಟ ನೋಡುವುದಿಲ್ಲ ಮಾರಾಯ್ತಿ,” ಎಂದರು. “ಇವರ ಎದುರು ನಿಂತು ಹೇಳು. ನಿನಗೆ ಕಷ್ಟ ಆಗ್ತದೆ, ಗೊತ್ತುಂಟು.”

ಆ ಭಾನುವಾರ ಸಂಜೆಯೇ ಅಲ್ಲಿನ ನಿವಾಸಿಗಳ ಸೊಸೈಟಿಯ ಮೀಟಿಂಗ್ ಇತ್ತು. ಪ್ಲಾಸ್ಟಿಕ್ ಕುರ್ಚಿಗಳ ಸಾಲಿನ ಎದುರು ನಿಂತು, ಆ ಸಾಲನ್ನು ನಾನು ಕಾಣದೆ ಬರೆದೆ, ಕಂಡವನನ್ನೂ ಕೇಳದೆ ಬರೆದೆ ಎಂದು ಮರಾಠಿಯಲ್ಲಿ ಹೇಳಿದೆ. ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದ ಒಬ್ಬ ಹೆಂಗಸು ಎದ್ದು, ನಿಮ್ಮ ಆ ಸಾಲು ಓದಿ ನಾಲ್ಕು ದಿನದಿಂದ ನನ್ನ ಮಗಳನ್ನು ಕೆಳಗೆ ಬಿಟ್ಟಿಲ್ಲ ಎಂದಳು. ಅವಳ ಹತ್ತಿರ ಕ್ಷಮೆ ಕೇಳಿದೆ. ಆಮೇಲೆ ವಾಚ್‌ಮನ್‌ನನ್ನು ಕರೆಸಿದರು. ಅವನು ತಾನು ಕಂಡದ್ದನ್ನು ಇನ್ನೊಮ್ಮೆ ಹೇಳಿದ. ವಾದ ತುಂಬ ಹೊತ್ತು ನಡೆಯಿತು. ಕೊನೆಗೆ ಅರ್ಜಿಯನ್ನು ತಡೆಹಿಡಿದು, ಕಸದ ತೊಟ್ಟಿಯನ್ನು ಗೋಡೆಯಿಂದ ದೂರ ಸರಿಸಿ, ಹಿಂಬದಿಯಲ್ಲಿ ದೀಪ ಹಾಕಿಸುವುದೆಂದು ತೀರ್ಮಾನವಾಯಿತು. ಬೋನು ಬರಲಿಲ್ಲ. ಆ ಮಳೆಗಾಲ ಚಿರತೆ ಇನ್ನೆರಡು ಸಲ ಅದೇ ಗೋಡೆಯ ಮೇಲೆ ಹಾದುಹೋದದ್ದು ಕ್ಯಾಮರಾದಲ್ಲಿ ಕಂಡಿತಂತೆ. ಇದು ನಾನು ಕೇಳಿದ್ದು.

ನನ್ನ ಕೆಲಸ ಹೋಗುತ್ತದೆ ಎಂದುಕೊಂಡಿದ್ದೆ. ಸಂಸ್ಥೆಯ ಮುಖ್ಯಸ್ಥೆ ಚೆನ್ನಾಗಿ ಬೈದು, ಮುಂದಿನ ಕರಪತ್ರವನ್ನು ನನಗೇ ಬರೆಯಲು ಕೊಟ್ಟರು. ಆ ಪತ್ರಿಕೆ ಮಾತ್ರ ಮತ್ತೆ ಎರಡು ವರ್ಷ ನನ್ನ ಲೇಖನ ಕೇಳಲಿಲ್ಲ. ಇವತ್ತಿಗೂ ಬರೆದದ್ದನ್ನು ಕಳಿಸುವ ಮುನ್ನ ಪ್ರತಿ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ‘ಕಂಡದ್ದು’, ‘ಕೇಳಿದ್ದು’, ‘ಊಹೆ’ ಎಂದು ಬರೆದುಕೊಳ್ಳುತ್ತೇನೆ. ಊಹೆಗಳನ್ನು ಹೊಡೆದುಹಾಕಿದ ಮೇಲೆ ಕೆಲವೊಮ್ಮೆ ಲೇಖನ ಅರ್ಧವೇ ಉಳಿಯುತ್ತದೆ.

ಓದುವವರು ಕಡಿಮೆಯಾಗಿ ಸಂಘದ ಪತ್ರಿಕೆ ನಿಂತಿತು. ನಿವೃತ್ತಿಯ ನಂತರ ಅವರು ಖಾರಘರದಲ್ಲಿ ಮಗಳ ಮನೆಯಲ್ಲಿದ್ದರು, ಗುಡ್ಡ ಕಾಣುವ ಹನ್ನೊಂದನೇ ಮಹಡಿಯಲ್ಲಿ. ನಾನು ಹೋದಾಗಲೆಲ್ಲ ಹೊಸತೇನು ಬರೆದೆ ಎಂದು ಕೇಳುವರು. ಮದುವೆ, ಮನೆ, ಆರೋಗ್ಯ ಎಲ್ಲ ಆಮೇಲೆ. ಹೃದಯದ ತೊಂದರೆ ಶುರುವಾದ ಮೇಲೆ ಅವರಿಗೆ ಓದುವುದೇ ಆಯಾಸವಾಗುತ್ತಿತ್ತು, ನಾನೇ ಓದಿ ಹೇಳುತ್ತಿದ್ದೆ. ಕಣ್ಣು ಮುಚ್ಚಿ ಕೇಳುತ್ತ, ಬೇಡದ ಪದ ಬಂದಲ್ಲಿ ಬೆರಳೆತ್ತುವರು.

ಎರಡು ಸಾವಿರದ ಹತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಕಡಲ ಹಿನ್ನೀರಾದ ಐರೋಲಿಯ ಖಾಡಿಯಲ್ಲಿ ಶಾಲೆಯ ಮಕ್ಕಳಿಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳನ್ನು ತೋರಿಸುತ್ತಿದ್ದಾಗ ಅವರ ಮಗಳ ಫೋನ್ ಬಂತು. ಮೊಣಕಾಲಿನವರೆಗೆ ಕೆಸರು; ಹಾಗೆಯೇ ಖಾರಘರಕ್ಕೆ ಹೋದೆ. ಮಲಗಿದಲ್ಲೇ ಹೋಗಿದ್ದರು.

ಹದಿಮೂರರ ಕಾರ್ಯ ಮುಗಿದ ಮೇಲೆ ಮಗಳು ಹಳೆಯ ಸಂಚಿಕೆಗಳ ಒಂದು ಪೆಟ್ಟಿಗೆಯನ್ನು ನನ್ನ ಮುಂದಿಟ್ಟಳು. ಅವಳಿಗೆ ಕನ್ನಡ ಮಾತು ತಿಳಿಯುತ್ತದೆ, ಓದಲು ಬಾರದು. ಅಪ್ಪನ ಒಂದು ಸಾಲನ್ನೂ ಓದಿದವಳಲ್ಲ. ಅಪ್ಪ ಚೆನ್ನಾಗಿ ಬರೆಯುತ್ತಿದ್ದರಾ ಎಂದು ಮರಾಠಿಯಲ್ಲಿ ಕೇಳಿದಳು.

ಹೌದು ಎನ್ನುವುದು ಬಹಳ ಸುಲಭವಾಗಿತ್ತು. ಅವಳು ಅತ್ತು ಕೆಂಪಾದ ಕಣ್ಣುಗಳಿಂದ ನನ್ನನ್ನೇ ನೋಡುತ್ತಿದ್ದಳು. ಅವರ ಸಂಪಾದಕೀಯಗಳು ಸಾಧಾರಣ ಎಂದೆ. ವಾರ್ಷಿಕ ಸಭೆ, ಚಂದಾ, ಶಾಲೆಗೆ ಪುಸ್ತಕ, ಇಂಥ ವಿಷಯಗಳೇ. ಅವರು ಬರೆದದ್ದು ಕಡಿಮೆ, ಬರೆಸಿದ್ದೇ ಹೆಚ್ಚು ಎಂದೆ.

ಹಾಗಾದರೆ ಬರೆಸಿದ್ದನ್ನು ಓದು ಎಂದಳು.

ನನ್ನ ಚೀಲದಲ್ಲಿ ಅವರು ತೀರಿಹೋದ ವಾರದ ಕನ್ನಡ ಕರಡು ಇತ್ತು, ಖಾಡಿಯ ಏಡಿಗಳ ಬಗ್ಗೆ, ಅವರಿಗೆ ಓದಿ ಹೇಳಬೇಕೆಂದು ಬರೆದಿಟ್ಟದ್ದು. ಓದಿದೆ. ಎಲ್ಲಿಯೂ ಬೆರಳು ಏಳಲಿಲ್ಲ. ನಾನೇ ಎರಡು ಕಡೆ ನಿಂತು ಪದ ಹೊಡೆದುಹಾಕಿದೆ. ಮುಗಿಸಿದಾಗ ಅರ್ಧ ಅರ್ಥವಾಯಿತು ಎಂದಳು. ಉಳಿದ ಅರ್ಧಕ್ಕಾಗಿ ಮತ್ತೆ ಮೊದಲಿನಿಂದ ಓದಿದೆ, ನಿಧಾನವಾಗಿ.