ಮಡಚುವ ಕಾಲು

ಶಹಾಪುರದ ನಮ್ಮ ಮನೆಯಲ್ಲಿ ಅತ್ತೆಯ ಮಾತಿಗೆ ಎದುರಿಲ್ಲ. ಅವರ ಸೊಂಟದ ಕೀಲು ಬದಲಿಸಿ ಕೆಲವು ವರ್ಷಗಳಾಗಿದ್ದವು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಕೀಲು ತಪ್ಪುತ್ತದೆ ಎಂದು ಡಾಕ್ಟರು ಅಂದೇ ಹೇಳಿದ್ದರು. ಅಂದಿನಿಂದ ಕುರ್ಚಿಯಲ್ಲೇ ಲಿಂಗಪೂಜೆ, ಜೊತೆಗೆ ದಿನವೂ ಆ ಕುರ್ಚಿಗೆ ಬೈಗುಳ. ಈ ವರ್ಷ ತೊಡೆಯ ಹಳೆಯ ಹೊಲಿಗೆಯಲ್ಲಿ ಕೀವು ಕಾಣಿಸಿತು.

ಸೋಂಕು ಒಳಗೆ ಇಳಿದಿದೆ, ಹಾಕಿದ್ದನ್ನೆಲ್ಲ ತೆಗೆಯಬೇಕು ಎಂದರು ಕಲಬುರಗಿಯ ಡಾಕ್ಟರು. ಕೀಲಿನ ಗುಂಡು ಸುಲಭವಾಗಿ ಬರುತ್ತದೆ. ಅದು ಕೂಡುವ ಬಟ್ಟಲನ್ನು ಬಾಗಿದ ಉಳಿಯಿಂದ ಸುತ್ತಲೂ ಬಿಡಿಸಬಹುದು. ತೊಡೆಯೆಲುಬಿನೊಳಗೆ ಸಿಮೆಂಟ್ ಹಾಕಿ ಕೂಡಿಸಿದ ಸರಳಿನದೇ ತೊಂದರೆ. ಬಾರದಿದ್ದರೆ ಎಲುಬನ್ನು ಉದ್ದಕ್ಕೆ ಸೀಳಿ, ಕದದಂತೆ ತೆರೆದು, ಸಿಮೆಂಟನ್ನು ಕೆತ್ತಿ ತೆಗೆದು, ಮತ್ತೆ ತಂತಿಯಿಂದ ಬಿಗಿಯಬೇಕು. ಸೋಂಕು ಹೋದ ಮೇಲೆ ಹೊಸದು ಹಾಕುವುದು.

ಅತ್ತೆ ಕೇಳಿದ್ದು ಒಂದೇ, ಆಮೇಲೆ ನೆಲಕ್ಕೆ ಕೂಡಬಹುದೇ ಎಂದು. ಆಗದು ಎಂದರು ಡಾಕ್ಟರು.

"ಹಂಗಾದ್ರ ಹಳೇದು ತೆಗೀರಿ. ಹೊಸಾದು ಹಾಕಬ್ಯಾಡ್ರಿ."

ಹಾಕದಿದ್ದರೆ ಕಾಲು ಗಿಡ್ಡವಾಗುತ್ತದೆ, ವಾಕರ್ ಇಲ್ಲದೆ ನಡೆಯಲಾಗದು, ಮಡಚಿ ಕೂಡಲು ಮಾತ್ರ ಬಂದೀತು ಎಂದು ಡಾಕ್ಟರು ಹೆದರಿಸಿದರು. ಅತ್ತೆಯ ಕಿವಿಗೆ ಬಿದ್ದದ್ದು ಕೊನೆಯ ಮಾತಷ್ಟೇ.

ಕಾರಣ ನನಗೆ ಗೊತ್ತಿತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ; ಕಾಲು ಮಡಚಿ ಕೂಡಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತೇವೆ. ದೋರನಹಳ್ಳಿಯಲ್ಲಿ ಅತ್ತೆಯ ಅಕ್ಕ ತೀರಿಕೊಂಡಾಗ ಅವರ ಸೆಟೆದ ಕಾಲು ಮಡಚಿರಲಿಲ್ಲ. ಕುಣಿಗಿಳಿದವರು ಒತ್ತಿ ಹಿಡಿದರು. ಲಟ್ಟೆಂದ ಆ ಸದ್ದು ಮೇಲೆ ನಿಂತಿದ್ದ ಅತ್ತೆಗೂ ಕೇಳಿತ್ತು.

ಹೊಸದು ಹಾಕಿಸಿಕೊಳ್ಳಿ ಎಂದು ನಾನೂ ನನ್ನ ಗಂಡನೂ ಅತ್ತೆಯ ಕಾಲು ಹಿಡಿದು ಬೇಡಿಕೊಂಡೆವು. ಸತ್ತ ಮೇಲಿನ ಕುಳಿತುಕೊಳ್ಳುವಿಕೆಗಾಗಿ ಇರುವಾಗಿನ ನಡಿಗೆ ಕಳೆದುಕೊಳ್ಳುತ್ತಾರಲ್ಲ ಎಂದು ನನಗೆ ವಿಪರೀತ ಸಿಟ್ಟು. ಅವರು ಜಗ್ಗಲಿಲ್ಲ. ಎಲುಬು ಸೀಳಿಯೇ ಸರಳು ತೆಗೆದರು. ಗಾಯ ಮಾಯಿತು, ಕೀಲಿನ ಜಾಗ ಖಾಲಿ ಉಳಿಯಿತು.

ಕಳೆದ ವಾರ ಮಧ್ಯಾಹ್ನ ಚಹಾಕ್ಕೆ ಕರೆದರೆ ಉತ್ತರವಿಲ್ಲ. ಕೋಣೆಯ ಬಾಗಿಲಲ್ಲಿ ವಾಕರ್ ನಿಂತಿತ್ತು. ಒಳಗೆ ಅತ್ತೆ ಗೋಡೆಗೊರಗಿ ನೆಲದ ಮೇಲೆ ಕೂತಿದ್ದರು. ಕಣ್ಣು ಮುಚ್ಚಿತ್ತು, ಎಡ ಅಂಗೈಯಲ್ಲಿ ಲಿಂಗವಿತ್ತು. ಮತ್ತೆ ಕರೆದೆ. ಅಲುಗಲಿಲ್ಲ. ಹತ್ತಿರ ಹೋಗಿ ಹೆಗಲು ಮುಟ್ಟಿದೆ.

"ಕಾಲು ಬರೋಬರಿ ಮಡಚ್ಯಾವೇನು, ನೋಡವ್ವ," ಎಂದರು, ಕಣ್ಣು ತೆರೆಯದೆ.

ನೋಡಿದೆ. ಸರಿಯಾಗಿ ಮಡಚಿದ್ದವು. ಯಾರೂ ಒತ್ತಬೇಕಾಗಿರಲಿಲ್ಲ. ಬಾಗಿಲಲ್ಲಿದ್ದ ವಾಕರ್ ತಂದು ಅವರ ಕೈಗೆಟುಕುವಂತೆ ನಿಲ್ಲಿಸಿದೆ.