ಪೈಪಿನೊಳಗೆ ಬೆಂದ ಜೋಳದ ಹಿಟ್ಟು

ಖಾನಾವಳಿ ಇಡಬೇಕೆಂದು ಯಾರೇ ನನ್ನ ಸಲಹೆ ಕೇಳಲಿ, ನಾನು ಮೊದಲು ಅವರ ಪಾತ್ರೆ ತೊಳೆಯುವ ಮೋರಿ ನೋಡುತ್ತೇನೆ. ಒಲೆ ಆಮೇಲೆ. ಹುಮನಾಬಾದಿನ ಗಂಜ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನನ್ನ ಖಾನಾವಳಿ ಮುಚ್ಚುವ ಹಂತಕ್ಕೆ ಬಂದದ್ದೇ ಮೋರಿಯಿಂದ.

ಬಾಡಿಗೆ ಮನೆ. ನಮ್ಮ ಮೋರಿಯ ಪೈಪು ಪಕ್ಕದ ಮನೆಯ ಬಚ್ಚಲಿನ ಕೆಳಗೆ ಹಾದು, ಅದರ ನೀರನ್ನೂ ಕೂಡಿಸಿಕೊಂಡು ಬೀದಿಯ ಚರಂಡಿ ಸೇರುತ್ತಿತ್ತು. ಒಂದು ಬೆಳಿಗ್ಗೆ ಆ ಮನೆಯ ಮುದುಕರು ತಲೆಗೆ ಸಾಬೂನು ಹಚ್ಚಿಕೊಂಡೇ ಬಾಗಿಲಿಗೆ ಬಂದರು.

"ಬಾಯಿ, ನಿನ್ನ ನೀರೆಲ್ಲ ನನ್ನ ಬಚ್ಚಲದಾಗ ಏರಾಕತ್ತದ. ನಾ ಜಳಕ ಮಾಡಲ್ಯೋ, ಅಂಬಲಿ ಕುಡೀಲ್ಯೋ?"

ನಿಂತಲ್ಲಿಂದಲೇ ಅವರು ಮನೆ ಮಾಲೀಕರಿಗೆ ಫೋನು ಹಚ್ಚಿಬಿಟ್ಟರು. ಮಾಲೀಕರ ಮಾತು ಚಿಕ್ಕದು: "ನಾಳಿ ಸಂಜಿ ತನಕ ಸರಿ ಮಾಡಸ್ರಿ, ಇಲ್ಲಂದ್ರ ಜಾಗಾ ಖಾಲಿ ಮಾಡ್ರಿ."

ಪ್ಲಂಬರ್ ಬಂದು ಪೈಪಿಗೆ ಸ್ಪ್ರಿಂಗ್ ತಂತಿ ತೂರಿಸಿ ಎಳೆದ. ಬೂದುಬಣ್ಣದ ಮುದ್ದೆಗಳು ಹೊರಬಿದ್ದವು. ನಿರ್ಣಾ ಹಳ್ಳಿಯಿಂದ ರೊಟ್ಟಿ ಬಡಿಯಲು ಬರುವ ನಮ್ಮ ಹೆಣ್ಣುಮಗಳು ಒಂದನ್ನು ಕಡ್ಡಿಯಿಂದ ಚುಚ್ಚಿ ನೋಡಿ ನಕ್ಕಳು. "ಅಯ್ಯ ಅಕ್ಕಾ, ನಾವ ಒಳಗ ಹಿಟ್ಟು ಕುದಿಸೀವಲ್ಲ!"

ನಿಜವೇ. ಹಿಟ್ಟು ನಾದುವ ಪರಾತ ತೊಳೆದ ನೀರಿನ ಜೊತೆ ಜೋಳದ ಹಿಟ್ಟು ಹೋಗಿ ಪೈಪಿನಲ್ಲಿ ಕೂತಿತ್ತು. ನೀರು ನಿಧಾನವಾದಾಗ, ಜಿಡ್ಡು ಇರಬೇಕು, ಕರಗಲಿ ಎಂದು ರೊಟ್ಟಿಗೆ ಕಾಯಿಸಿದ ಕುದಿನೀರಿನ ಎಸರಿನಲ್ಲಿ ಉಳಿದದ್ದನ್ನೆಲ್ಲ ಮೋರಿಗೆ ಸುರಿದೆವು. ಎಸರು ಬಿದ್ದರೆ ಹಿಟ್ಟಿಗೆ ಅಂಟು ಬರುತ್ತದೆ. ಅದಕ್ಕೇ ರೊಟ್ಟಿ ಹರಿಯದೆ ಬರುವುದು. ದಿನವೂ ಅದೇ ಕೆಲಸ ಮಾಡುವ ನಮಗೇ ಇದು ಹೊಳೆಯಲಿಲ್ಲ.

ಉಳಿದ ಗಟ್ಟಿ ಭಾಗ ಮುದುಕರ ಬಚ್ಚಲಿನ ಕೆಳಗಿತ್ತು. ನೆಲ ಒಡೆಯಬೇಕೆಂದ ಪ್ಲಂಬರ್.

"ಮೊನ್ನೆ ಹಾಕಿಸಿದ ಫರಸಿಕಲ್ಲು! ಯಾರ್ ಮುಟ್ತೀರಿ ನೋಡ್ತೀನಿ," ಎಂದು ಮುದುಕರು ಬಚ್ಚಲಿನ ಬಾಗಿಲಿಗೆ ಅಡ್ಡ ನಿಂತರು.

"ಕಾಕಾ, ಒಂದು ಕಲ್ಲೂ ಅಲುಗಾಡೂದಿಲ್ರಿ," ಎಂದೆ. "ಹೊರಗ ಗ್ವಾಡಿಗುಂಟ ಹೊಸಾ ಪೈಪ್ ಹಾಕಸ್ತೀನಿ. ನಿಮ್ಮ ಬಚ್ಚಲ ಗ್ವಾಡಿಗಿ ಒಂದು ತೂತು, ನಿಮಗ ಬ್ಯಾರೆ ಪೈಪ್. ನನ್ನ ಹಿಟ್ಟು ನಿಮ್ಮ ಕಡಿ ಹಣಿಕಿ ಹಾಕೂದಿಲ್ಲ."

"ಅಲ್ಲಿ ನನ್ನ ಆಡು ಕಟ್ತೀನಿ."

"ನನ್ನ ಅಂಗಳದಾಗ ಕಟ್ರಿ. ಉಳದ ರೊಟ್ಟಿ ತಿಂತದ."

"ಹಂಗಾದ್ರ ಅದು ತಿರುಗಿ ನನ್ನ ಮನಿಗಿ ಬರೂದಿಲ್ಲ ಬಿಡು," ಎಂದು ಗೊಣಗಿ ಹಗ್ಗ ಬಿಚ್ಚಿದರು.

ಚೌಕಾಶಿಯಲ್ಲಿ ಎದುರಿನವನಿಗೆ ಏನು ಬೇಡವೋ ಅದನ್ನು ಮೊದಲು ಕೇಳಿಕೊಳ್ಳಿ. ಮುದುಕರಿಗೆ ಬೇಡವಾಗಿದ್ದದ್ದು ಫರಸಿ ಒಡೆಯುವುದು ಮಾತ್ರ.

ಪೈಪು ತರಲು ಅಂದೇ ಬಸ್ಸು ಹಿಡಿದು ನನ್ನ ತವರಾದ ಬಸವಕಲ್ಯಾಣಕ್ಕೇ ಹೋದೆ. ಪರಿಚಯದ ಅಂಗಡಿ, ಮೂಲೆ ತಿರುಗಿಸುವ ಎಲ್ಬೋಗಳನ್ನೆಲ್ಲ ಬಿಟ್ಟಿ ಹಾಕಿಸಿಕೊಂಡೇ ಮೆಟ್ಟಿಲಿಳಿದೆ. ಮರುದಿನ ನಸುಕಿನಲ್ಲಿ ಕೆಲಸ ಹಚ್ಚಿದೆ. ಇಳಿಜಾರು ಸರಿಯಿದೆಯೋ ಇಲ್ಲವೋ ಎಂದು ತಂಬಿಗೆಯಿಂದ ನೀರು ಹಾಕಿ ನೋಡದೆ ಒಂದು ಜೋಡಣೆಗೂ ಅಂಟು ಹಚ್ಚಗೊಡಲಿಲ್ಲ. ಪ್ಲಂಬರ್ ಬೇಸತ್ತ. ಬೇಸರವಾಗಲಿ, ನೀರು ಹರಿಯಬೇಕು. ನೀವೂ ಹಾಗೇ ಮಾಡಿಸಿ. ಪರಾತವನ್ನು ಮೊದಲು ಒಣ ಬಟ್ಟೆಯಿಂದ ಒರೆಸಿ, ಆಮೇಲೆ ತಣ್ಣೀರಿನಲ್ಲಿ ತೊಳೆಯಿರಿ.

ಸಂಜೆ ಮಾಲೀಕರು ಬಂದಾಗ ಒಲೆ ಉರಿಯುತ್ತಿತ್ತು. ಅವರು ನಮ್ಮ ಮೋರಿಗೊಂದು ಕೊಡ, ಮುದುಕರ ಬಚ್ಚಲಿಗೊಂದು ಕೊಡ ನೀರು ಸುರಿದು, ಹೊರಗೆ ಹೋಗಿ ಚರಂಡಿ ನೋಡಿ ಬಂದರು. "ಇಲ್ಲೇ ಇರ್ರಿ," ಎಂದಷ್ಟೇ ಹೇಳಿ ಕೈ ತೊಳೆದು ಊಟಕ್ಕೆ ಕೂತರು.